ಹೂವೂ ಮಸುಕು, ಕಾರೂ ಮಸುಕು: ಕ್ಯಾಂಪಸ್ ವಸಂತ ಮತ್ತು ರೇಸ್ ಕಾರಿನ ಫೋಟೊಗಳಲ್ಲಿ ದೋಷ ಹುಡುಕುವ ಕ್ರಮ

ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮ ಕಡೆಯ ಹವ್ಯಾಸಿ ಫೋಟೊಗ್ರಾಫರ್‌ಗಳಿಗೆ ಎರಡು ಕಡೆಯಿಂದಲೂ ಕರೆ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮೈಸೂರಿನ ಮಾನಸಗಂಗೋತ್ರಿಯಂಥ ಮರಗಳು ತುಂಬಿದ ಕ್ಯಾಂಪಸ್‌ಗಳಲ್ಲಿ ಗುಲಾಬಿ ಟಬೂಬಿಯಾ, ಹಳದಿ ಟಬೂಬಿಯಾ, ಜಕರಂಡಾ, ಹೊಂಗೆ ಚಿಗುರು, ಕಡೆಗೆ ಗುಲ್‌ಮೊಹರ್ ಸರದಿಯಂತೆ ಬರುತ್ತವೆ. ಅದೇ ಹೊತ್ತಿಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡಗಳು ತಾವೇ ಕಟ್ಟಿದ ಫಾರ್ಮುಲಾ ಕಾರನ್ನು ಕಾಲೇಜಿನ ಅಂಗಳದಲ್ಲಿ ಓಡಿಸಿ ಪರೀಕ್ಷಿಸುತ್ತಿರುತ್ತವೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಇಂಥ ತಂಡಗಳ ಫಾರ್ಮುಲಾ ಭಾರತ್ ಸ್ಪರ್ಧೆ ಸಾಮಾನ್ಯವಾಗಿ ಜನವರಿಯಲ್ಲೇ ನಡೆಯುತ್ತದೆ. ಬೆಳಗ್ಗೆ ಹೂವು, ಮಧ್ಯಾಹ್ನ ಕಾರು, ಕ್ಯಾಮೆರಾ ಮಾತ್ರ ಒಂದೇ.

ಮನೆಗೆ ಬಂದು ನೋಡಿದರೆ ಅರ್ಧಕ್ಕರ್ಧ ಫೋಟೊ ಮಸುಕು. ಆಗ ಹೆಚ್ಚಿನವರು ಮೊದಲು ಅನುಮಾನಿಸುವುದು ಲೆನ್ಸನ್ನು. ಲೆನ್ಸ್ ಕೆಟ್ಟಿರುವ ಸಾಧ್ಯತೆ ನಿಜಕ್ಕೂ ಕಡಿಮೆ, ಹಾಗಾಗಿ ಈ ಕೈಪಿಡಿಯಲ್ಲಿ ಅದನ್ನು ಕೊನೆಗೆ ಇಟ್ಟಿದ್ದೇವೆ. ಮಸುಕು ಎಂಬುದು ಒಂದೇ ದೋಷವಲ್ಲ. ಅದಕ್ಕೆ ಐದಾರು ಬೇರೆ ಬೇರೆ ಕಾರಣಗಳಿವೆ, ಪ್ರತಿಯೊಂದೂ ಫೋಟೊದಲ್ಲಿ ತನ್ನದೇ ಗುರುತು ಬಿಟ್ಟು ಹೋಗುತ್ತದೆ. ಗುರುತು ಓದದೆ ಸೆಟ್ಟಿಂಗ್ ಬದಲಿಸಲು ಹೋದರೆ ಇದ್ದ ದೋಷದ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ.

ಮೊದಲು ಒಂದು ಚುಕ್ಕಿ ಹುಡುಕಿ

ಫೋಟೊವನ್ನು ಕಂಪ್ಯೂಟರ್‌ನಲ್ಲಿ 100 ಶೇಕಡಾ ಗಾತ್ರಕ್ಕೆ ತೆರೆಯಿರಿ. ಕ್ಯಾಮೆರಾದ ಪುಟ್ಟ ಪರದೆಯನ್ನು ನಂಬಬೇಡಿ, ಅದರಲ್ಲಿ ಎಲ್ಲವೂ ಚೂಪಾಗಿಯೇ ಕಾಣುತ್ತದೆ. ಈಗ ಚಿತ್ರದಲ್ಲಿ ಅತಿ ಚಿಕ್ಕದಾದ ಒಂದು ಹೊಳಪನ್ನು ಹುಡುಕಿ: ಚಾಲಕನ ಹೆಲ್ಮೆಟ್ ಮೇಲೆ ಬಿದ್ದ ಸೂರ್ಯನ ಮಿಂಚು, ಚಕ್ರದ ನಟ್ಟಿನ ಹೊಳಪು, ಎಲೆಯ ಮೇಲಿನ ನೀರಹನಿ. ಅದರ ಆಕಾರವೇ ಕಾರಣವನ್ನು ಹೇಳುತ್ತದೆ.

ಹೊಳಪು ಗೆರೆಯಾಗಿ ಎಳೆದುಕೊಂಡಿದ್ದರೆ ಅದು ಚಲನೆ, ಫೋಕಸ್ ತಪ್ಪಲ್ಲ. ದುಂಡಗೆ ಬಿಲ್ಲೆಯಂತೆ ಹಿಗ್ಗಿದ್ದರೆ ಫೋಕಸ್ ತಪ್ಪಿದೆ. ಗೆರೆ ಕೊಕ್ಕೆಯಂತೆ ತಿರುಗಿದ್ದರೆ ಅಥವಾ ಎರಡೆರಡಾಗಿ ಕಂಡರೆ ಕೈ ನಡುಕ, ಇಲ್ಲವೇ ಸ್ಟೆಬಿಲೈಸರ್‌ನ (ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ) ತಪ್ಪು ಮೋಡ್. ಚುಕ್ಕಿ ಚುಕ್ಕಿಯಾಗಿಯೇ ಇದ್ದು ಸುತ್ತ ಬೆಳ್ಳನೆಯ ಪೊರೆ ಇದ್ದರೆ ಬೇಲಿ, ಹಬೆ, ಲೆನ್ಸ್ ಮೇಲಿನ ಬೆರಳಚ್ಚು ಅಥವಾ ಅಗ್ಗದ ಫಿಲ್ಟರ್. ಕಾರಿನ ನೇರ ಅಂಚುಗಳು ಅಲೆಅಲೆಯಾಗಿದ್ದರೆ ಬಿಸಿಲ ಝಳ.

ಎರಡನೆಯ ಪ್ರಶ್ನೆ: ಚಿತ್ರದಲ್ಲಿ ಎಲ್ಲಾದರೂ ಚೂಪಾದ ಜಾಗ ಇದೆಯೇ? ಹೂವಿನ ಹಿಂದಿನ ಕಾಂಡ ಚೂಪಾಗಿದ್ದರೆ ಫೋಕಸ್ ಹಿಂದಕ್ಕೆ ಹೋಗಿದೆ. ನೆಲ, ಕಂಬ, ಗೋಡೆ ಚೂಪಾಗಿದ್ದು ಕಾರು ಮಾತ್ರ ಎಳೆದುಕೊಂಡಿದ್ದರೆ ಶಟರ್ ಸ್ಪೀಡ್, ಅಂದರೆ ಶಟರ್ ತೆರೆದು ಮುಚ್ಚುವ ವೇಗ, ಸಾಲದು. ಯಾವುದೂ ಚೂಪಾಗಿಲ್ಲ, ಎಲ್ಲ ಒಂದೇ ದಿಕ್ಕಿಗೆ ಎಳೆದುಕೊಂಡಿದೆ ಎಂದರೆ ಅಲುಗಿದ್ದು ಕ್ಯಾಮೆರಾ.

ಬೆಳಗಿನ ಸೆಟ್ಟಿಂಗ್ ಮಧ್ಯಾಹ್ನಕ್ಕೆ ಉಳಿದಿದೆಯೇ?

ಹೂವಿಗೆ ಹೇಳಿ ಮಾಡಿಸಿದ ಸೆಟ್ಟಿಂಗ್ ಕಾರಿಗೆ ಹೆಚ್ಚುಕಡಿಮೆ ಎಲ್ಲ ವಿಷಯದಲ್ಲೂ ತಪ್ಪು. ಜಾಗ ಬದಲಾದಾಗ ಇಷ್ಟನ್ನು ನೋಡಿ.

ಆಟೊಫೋಕಸ್ ಮೋಡ್: ಹೂವಿಗೆ ಕ್ಯಾನನ್‌ನಲ್ಲಿ ಒನ್ ಶಾಟ್, ನಿಕಾನ್ ಮತ್ತು ಸೋನಿಯಲ್ಲಿ ಎಎಫ್-ಎಸ್. ಕಾರಿಗೆ ಕ್ಯಾನನ್‌ನಲ್ಲಿ ಸರ್ವೊ, ಉಳಿದೆರಡರಲ್ಲಿ ಎಎಫ್-ಸಿ. ಒನ್ ಶಾಟ್‌ನಲ್ಲೇ ಉಳಿದಿದ್ದರೆ ಬಟನ್ ಅರ್ಧ ಒತ್ತಿದ ಗಳಿಗೆಯಲ್ಲಿ ಫೋಕಸ್ ಬೀಗ ಹಾಕಿಕೊಳ್ಳುತ್ತದೆ, ಕಾರು ಮಾತ್ರ ಮುಂದಕ್ಕೆ ಹೋಗುತ್ತಿರುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಕಾರು ಕಾಲು ಸೆಕೆಂಡಿನಲ್ಲಿ ಸುಮಾರು 7 ಮೀಟರ್ ಸಾಗಿಬಿಡುತ್ತದೆ.

ಲೆನ್ಸ್ ಮೇಲಿನ ಫೋಕಸ್ ಲಿಮಿಟರ್: ಇದು ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಸ್ವಿಚ್. ಟ್ರ್ಯಾಕ್‌ನಲ್ಲಿ ದೂರದ ವ್ಯಾಪ್ತಿಗೆ ಇಟ್ಟಿದ್ದನ್ನು ಮರೆತರೆ ಮರುದಿನ ಎರಡು ಮೀಟರ್ ದೂರದ ಹೂಗೊಂಚಲಿಗೆ ಲೆನ್ಸ್ ಫೋಕಸ್ ಆಗುವುದೇ ಇಲ್ಲ. ಆಟೊಫೋಕಸ್ ಮೋಟಾರ್ ಹೋಯಿತು ಎಂದು ಗಾಬರಿಯಾಗುವವರಲ್ಲಿ ಬಹಳ ಮಂದಿಯ ತೊಂದರೆ ಈ ಒಂದು ಸ್ವಿಚ್.

ಎಕ್ಸ್‌ಪೋಷರ್ ಕಾಂಪನ್ಸೇಷನ್ (ಚಿತ್ರವನ್ನು ಬೆಳಗಿಸುವ ಅಥವಾ ಮಂಕಾಗಿಸುವ ಹೊಂದಾಣಿಕೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಸ್ಟೆಬಿಲೈಸರ್ ಮೋಡ್, ಡ್ರೈವ್ ಮೋಡ್ (ಒಂದೊಂದಾಗಿಯೋ ಸಾಲಾಗಿಯೋ ತೆಗೆಯುವ ಆಯ್ಕೆ), ಎಲೆಕ್ಟ್ರಾನಿಕ್ ಶಟರ್ ಇವನ್ನೂ ಒಮ್ಮೆ ಓದಿಕೊಳ್ಳಿ. ಕ್ಯಾಮೆರಾದ ಡಯಲ್ ಮೇಲೆ ಸಿ1, ಸಿ2 ಅಥವಾ ಯು1, ಯು2 ಇದ್ದರೆ ಒಂದರಲ್ಲಿ ಹೂವು, ಇನ್ನೊಂದರಲ್ಲಿ ಕಾರು ಉಳಿಸಿಡಿ. ಈ ಒಂದು ಕೆಲಸದಿಂದ ಕಡಿಮೆಯಾಗುವಷ್ಟು ದೋಷ ಹೊಸ ಲೆನ್ಸ್ ಕೊಂಡರೂ ಕಡಿಮೆಯಾಗುವುದಿಲ್ಲ.

ಕಾರು ಗೆರೆಯಾಗಿದ್ದರೆ

ಲೆಕ್ಕ ಸರಳ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ 27.8 ಮೀಟರ್. ಕ್ಯಾಮೆರಾ ಕದಲದೆ 1/1000 ಸೆಕೆಂಡಿನ ಶಟರ್‌ನಲ್ಲಿ ತೆಗೆದರೂ ಶಟರ್ ತೆರೆದಿರುವಾಗ ಕಾರು 2.8 ಸೆಂ.ಮೀ. ಜರುಗುತ್ತದೆ. ಕಾರಿನ ಮೈಮೇಲಿನ ಸ್ಟಿಕ್ಕರ್‌ನ ಚಿಕ್ಕ ಅಕ್ಷರ ಅಳಿಸಿಹೋಗಲು ಅಷ್ಟು ಸಾಕು. ನಿಮಗೆ ಅಡ್ಡಲಾಗಿ ಹಾಯುವ ಕಾರನ್ನು ಕ್ಯಾಮೆರಾ ನಿಲ್ಲಿಸಿಕೊಂಡು ಹಿಡಿಯುವುದು ಹಾಗಾಗಿ ಕಷ್ಟದ ದಾರಿ. ಕಾರಿನ ಜೊತೆ ಕ್ಯಾಮೆರಾವೂ ತಿರುಗಬೇಕು, ಅಂದರೆ ಪ್ಯಾನಿಂಗ್.

ಪ್ಯಾನಿಂಗ್‌ನಲ್ಲಿ ಗೆರೆಯ ದಿಕ್ಕನ್ನು ನೋಡಿ. ಕಾರಿನ ಮೇಲಿನ ಚುಕ್ಕಿ ಅಡ್ಡಕ್ಕೆ ಎಳೆದಿದ್ದರೆ ನಿಮ್ಮ ತಿರುಗುವ ವೇಗ ಕಾರಿಗಿಂತ ಹೆಚ್ಚು ಅಥವಾ ಕಡಿಮೆ ಇತ್ತು. ಮೇಲೆ-ಕೆಳಗೆ ಎಳೆದಿದ್ದರೆ ಬಟನ್ ಒತ್ತುವಾಗ ಬೆರಳು ಕ್ಯಾಮೆರಾವನ್ನು ಕೆಳಕ್ಕೆ ತಳ್ಳಿದೆ.

ಅಡ್ಡಗೆರೆಗೆ ಔಷಧ ನಿಲ್ಲುವ ಭಂಗಿಯಲ್ಲಿದೆ. ಫೋಟೊ ತೆಗೆಯಬೇಕಾದ ಜಾಗದ ಕಡೆಗೆ ಪಾದಗಳನ್ನು ನೆಟ್ಟು, ಸೊಂಟದಿಂದ ಮೇಲಕ್ಕೆ ಮಾತ್ರ ಹಿಂದಕ್ಕೆ ತಿರುಗಿ ಕಾರನ್ನು ಎದುರುಗೊಳ್ಳಿ. ಮೊಣಕೈ ಪಕ್ಕೆಗೆ ಒತ್ತಿರಲಿ. ಕಾರು ದೂರದಲ್ಲಿರುವಾಗಲೇ ಹಿಂಬಾಲಿಸಲು ಶುರು ಮಾಡಿ, ಎದುರಿಗೆ ಬಂದಾಗ ಒತ್ತಿ, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಒತ್ತಿದ ಕೂಡಲೇ ಮೈ ನಿಲ್ಲುವುದೇ ಹೊಸಬರ ಅಡ್ಡಗೆರೆಗೆ ಮುಖ್ಯ ಕಾರಣ. ಮೊದಲು 1/250ರಲ್ಲಿ ಅಭ್ಯಾಸ ಮಾಡಿ, ಅದು ಕೈಗೆ ಹತ್ತಿದ ಮೇಲೆ 1/125, ಆಮೇಲೆ 1/60.

ಮೇಲೆ-ಕೆಳಗಿನ ಗೆರೆಗೆ ಮೊನೊಪಾಡ್ ನೆರವಾಗುತ್ತದೆ. ಸ್ಟೆಬಿಲೈಸರ್‌ನಲ್ಲಿ ಪ್ಯಾನಿಂಗ್ ಮೋಡ್ ಇದೆಯೇ ನೋಡಿ: ಕ್ಯಾನನ್ ಮತ್ತು ಸೋನಿ ಲೆನ್ಸ್‌ಗಳಲ್ಲಿ ಅದು ಮೋಡ್ 2, ನಿಕಾನ್‌ನ ಹಲವು ಲೆನ್ಸ್‌ಗಳಲ್ಲಿ ಸ್ಪೋರ್ಟ್ ಮೋಡ್ ಇರುತ್ತದೆ. ಮೋಡ್ 1ರಲ್ಲಿ ಬಿಟ್ಟರೆ ನೀವು ಬೇಕೆಂದೇ ತಿರುಗಿಸುತ್ತಿರುವುದನ್ನು ಲೆನ್ಸ್ ನಡುಕ ಎಂದು ತಿಳಿದು ಎದುರು ಎಳೆಯಬಹುದು. ಕೊಕ್ಕೆ ಆಕಾರದ ಗೆರೆ ಬರುವುದು ಆಗಲೇ.

ಶಟರ್ ಬಹಳ ವೇಗವಾದರೆ ಇನ್ನೊಂದು ದೋಷ: ಎಲ್ಲವೂ ಚೂಪು, ಕಾರು ಮಾತ್ರ ರಸ್ತೆಯಲ್ಲಿ ನಿಲ್ಲಿಸಿಟ್ಟ ಹಾಗೆ. ಚಕ್ರ ತಿರುಗಿದ್ದು ಕಾಣಬೇಕು. ಸುತ್ತಳತೆ ಸುಮಾರು 2 ಮೀಟರ್ ಇರುವ ಟೈರು 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 14 ಸುತ್ತು ತಿರುಗುತ್ತದೆ. 1/1000ರಲ್ಲಿ ಅದು 5 ಡಿಗ್ರಿ ಮಾತ್ರ, ಕಡ್ಡಿಗಳು ಎಣಿಸುವಷ್ಟು ಸ್ಪಷ್ಟ. 1/125ರಲ್ಲಿ 40 ಡಿಗ್ರಿ, ಚಕ್ರಕ್ಕೆ ಜೀವ ಬರುತ್ತದೆ.

ಕಾಲೇಜು ಅಂಗಳದಲ್ಲಿ ಈ ಲೆಕ್ಕ ಬದಲಾಗುತ್ತದೆ. ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳ ಸ್ಕಿಡ್‌ಪ್ಯಾಡ್ ಎಂದರೆ ಎಂಟರ ಆಕಾರದಲ್ಲಿ ಕೋನ್‌ಗಳನ್ನು ಇಟ್ಟ ದಾರಿ. ಒಳವೃತ್ತದ ವ್ಯಾಸ 15.25 ಮೀಟರ್, ದಾರಿಯ ಅಗಲ 3 ಮೀಟರ್. ಒಂದು ಸುತ್ತನ್ನು 5 ಸೆಕೆಂಡಿನಲ್ಲಿ ಮುಗಿಸಿದರೂ ಕಾರಿನ ವೇಗ ಗಂಟೆಗೆ ಸುಮಾರು 41 ಕಿ.ಮೀ. ಮಾತ್ರ. ದೊಡ್ಡ ಟ್ರ್ಯಾಕ್‌ಗೆ ಒಗ್ಗಿದ 1/500ರಲ್ಲೇ ಇಲ್ಲೂ ತೆಗೆದರೆ ಕಾರು ನಿಂತಂತೆ ಕಾಣುವುದು ಖಂಡಿತ. 1/60ಕ್ಕೋ 1/40ಕ್ಕೋ ಇಳಿಸಿ.

ಇನ್ನು ಬಹಳ ಜನರನ್ನು ಕಾಡುವ ಒಂದು ದೋಷ: ಪ್ಯಾನಿಂಗ್ ಸರಿಯಾಗಿದೆ, ಕಾರಿನ ಮೂತಿ ಚೂಪು, ಹಿಂಭಾಗ ಮಸುಕು. ಇದು ಕೈಯ ತಪ್ಪಲ್ಲ, ಕೋನದ ತಪ್ಪು. ಟ್ರ್ಯಾಕ್‌ನಿಂದ 20 ಮೀಟರ್ ದೂರ ನಿಂತಿದ್ದೀರಿ ಎನ್ನೋಣ. ಕಾರು ನಿಮಗೆ ನೇರ ಎದುರಿದ್ದಾಗ ಅದರ ನಡುಭಾಗಕ್ಕೂ ಅಲ್ಲಿಂದ 2 ಮೀಟರ್ ಮುಂದಿರುವ ಮೂತಿಗೂ ನಿಮ್ಮ ಕಣ್ಣಿಗೆ ಕಾಣುವ ವೇಗದ ವ್ಯತ್ಯಾಸ ಶೇ. 1ರಷ್ಟು. ಅದೇ ಕಾರು ಇನ್ನೂ 45 ಡಿಗ್ರಿ ಓರೆಯಲ್ಲಿ ಬರುತ್ತಿರುವಾಗ ಈ ವ್ಯತ್ಯಾಸ ಶೇ. 10ಕ್ಕೆ ಏರುತ್ತದೆ. ಒಂದು ತುದಿಗೆ ಹೊಂದಿಸಿ ತಿರುಗಿದರೆ ಇನ್ನೊಂದು ತುದಿ ಎಳೆದುಕೊಳ್ಳಲೇಬೇಕು. ತಿರುವಿನಲ್ಲಿ ಕಾರು ತಾನೂ ತಿರುಗುತ್ತಿರುವುದರಿಂದ ಪರಿಣಾಮ ಇನ್ನೂ ಹೆಚ್ಚು. ಆದ್ದರಿಂದ ನಿಧಾನದ ಶಟರ್ ನೇರ ಎದುರಿನ ನೋಟಕ್ಕೆ ಮೀಸಲಿರಲಿ, ಮುಕ್ಕಾಲು ಮುಖ ಕಾಣುವ ಓರೆ ನೋಟಕ್ಕೆ 1/500 ಅಥವಾ ಅದಕ್ಕಿಂತ ವೇಗ. ಚಾಲಕನ ಹೆಲ್ಮೆಟ್ ಚೂಪಾಗಿದ್ದರೆ ಹಿಂದಿನ ವಿಂಗ್ ಸ್ವಲ್ಪ ಎಳೆದಿದ್ದರೂ ಫೋಟೊ ಒಳ್ಳೆಯದೇ. ಅದನ್ನು ಅಳಿಸಬೇಡಿ.

ನಡು ಮಧ್ಯಾಹ್ನ 1/30ಕ್ಕೆ ಇಳಿಸಲು ಹೋದವರಿಗೆ ಎದುರಾಗುವ ತೊಂದರೆ ಬೆಳಕು. ಉರಿಬಿಸಿಲಿನಲ್ಲಿ ಐಎಸ್‌ಒ 100, 1/125ಕ್ಕೆ ಎಫ್16 ಅಪರ್ಚರ್ ಬೇಕು (ಅಪರ್ಚರ್ ಎಂದರೆ ಲೆನ್ಸಿನ ಬೆಳಕಿನ ಕಿಂಡಿ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು). 1/30ಕ್ಕೆ ಎಫ್32 ಆಗುತ್ತದೆ. ಅಷ್ಟು ಕಿರಿದಾದ ಅಪರ್ಚರ್‌ನಲ್ಲಿ ಬೆಳಕು ಅಂಚಿನಲ್ಲಿ ಬಾಗಿ ಇಡೀ ಚಿತ್ರ ಮೆದುವಾಗುತ್ತದೆ, ಸೆನ್ಸರ್ ಮೇಲಿನ ಧೂಳೆಲ್ಲ ಆಕಾಶದಲ್ಲಿ ಕಪ್ಪು ಚುಕ್ಕೆಯಾಗಿ ಮೂಡುತ್ತದೆ. ಬೆಳಕು ತಗ್ಗಿಸುವ ಎನ್‌ಡಿ8 ಫಿಲ್ಟರ್ ಹಾಕಿದರೆ ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು) ಕಡಿಮೆಯಾಗಿ ಎಫ್11ಕ್ಕೆ ಬರಬಹುದು. ಅದು ಇಲ್ಲದಿದ್ದರೆ ಪೋಲರೈಸರ್ ಹಾಕಿ, ಒಂದೂವರೆ ಸ್ಟಾಪ್‌ನಷ್ಟು ಬೆಳಕು ತಗ್ಗುತ್ತದೆ, ಗಾಜಿನ ಪ್ರತಿಫಲನವೂ ಕಡಿಮೆಯಾಗುತ್ತದೆ.

ಕಾರು ಬಿಲ್ಲೆಯಾಗಿದ್ದರೆ

ಫೋಕಸ್ ಎಲ್ಲಿ ಬಿದ್ದಿದೆ ನೋಡಿ. ಕಾರಿನ ಹಿಂದಿನ ಜಾಹೀರಾತು ಫಲಕವೋ ಟೈರುಗಳ ಸಾಲೋ ಚೂಪಾಗಿದ್ದರೆ ಫೋಕಸ್ ಪಾಯಿಂಟ್ ಕಾರಿನಿಂದ ಜಾರಿದೆ. ಎಲ್ಲ ಪಾಯಿಂಟ್‌ಗಳನ್ನೂ ಕ್ಯಾಮೆರಾಕ್ಕೆ ಬಿಟ್ಟುಕೊಡುವ ಮೋಡ್‌ನಲ್ಲಿ ಹಳೆಯ ಡಿಎಸ್‌ಎಲ್‌ಆರ್‌ಗಳು (ಒಳಗೆ ಕನ್ನಡಿ ಇರುವ ಕ್ಯಾಮೆರಾಗಳು) ಗಾಢವಾದ ಅಂಚಿರುವ ಯಾವುದಕ್ಕಾದರೂ ಅಂಟಿಕೊಳ್ಳುತ್ತವೆ. ನಡುವಿನ ಪಾಯಿಂಟ್ ಮತ್ತು ಅದರ ಸುತ್ತಲಿನ ನಾಲ್ಕೈದನ್ನು ಮಾತ್ರ ಬಳಸಿ ಹೆಲ್ಮೆಟ್ ಮೇಲೆ ಇಡಿ. ಹೊಸ ಮಿರರ್‌ಲೆಸ್‌ಗಳಲ್ಲಿ ವಾಹನ ಗುರುತಿಸುವ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ. ಅದು ಮನುಷ್ಯ ಅಥವಾ ಪ್ರಾಣಿಯ ಮೇಲೆ ಉಳಿದಿದ್ದರೆ ಕಾರು ಬಿಟ್ಟು ಪಿಟ್ ಗೋಡೆಯ ಮೇಲಿನ ಮಾರ್ಷಲ್‌ನ (ಟ್ರ್ಯಾಕ್‌ನ ಸುರಕ್ಷತೆ ನೋಡಿಕೊಳ್ಳುವವರು) ಮುಖ ಹುಡುಕುತ್ತದೆ.

ಬಟನ್ ಒತ್ತಿ ಹಿಡಿದು ಸಾಲಾಗಿ ತೆಗೆಯುವ ಬರ್ಸ್ಟ್‌ನ ಮೊದಲ ಫ್ರೇಮ್ ಮಾತ್ರ ಮಸುಕು, ಮುಂದಿನವು ಸರಿ ಎಂದರೆ ಕ್ಯಾಮೆರಾ ಫೋಕಸ್ ಸಿಗುವ ಮೊದಲೇ ಶಟರ್ ಬಿಡುತ್ತಿದೆ. ಮೆನುವಿನಲ್ಲಿ ರಿಲೀಸ್ ಪ್ರಯಾರಿಟಿ ಬದಲು ಫೋಕಸ್ ಪ್ರಯಾರಿಟಿ ಆಯ್ದುಕೊಳ್ಳಿ. ಎಎಫ್-ಆನ್ ಬಟನ್‌ಗೆ ಫೋಕಸ್ ವಹಿಸಿದ್ದರೆ ಒತ್ತುವ ಮೊದಲು ಅರ್ಧ ಸೆಕೆಂಡ್‌ನಾದರೂ ಹೆಬ್ಬೆರಳು ಅದರ ಮೇಲಿರಲಿ.

ಮೂತಿ ಚೂಪು, ಉಳಿದದ್ದು ಬಿಲ್ಲೆಬಿಲ್ಲೆ ಎಂದರೆ ಫೋಕಸ್ ಸರಿಯಿದೆ, ಆಳ ಸಾಲದು. ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ 200 ಮಿ.ಮೀ. ಫೋಕಲ್ ಲೆಂತ್ (ಲೆನ್ಸಿನ ಜೂಮ್ ಅಳತೆ), ಎಫ್2.8, 20 ಮೀಟರ್ ದೂರಕ್ಕೆ ಚೂಪಾಗಿ ಸಿಗುವ ಆಳ ಸುಮಾರು 1.7 ಮೀಟರ್. ಎದುರಿನಿಂದ ಬರುವ ನಾಲ್ಕೂವರೆ ಮೀಟರ್ ಉದ್ದದ ಕಾರಿಗೆ ಅದು ಎಲ್ಲಿ ಸಾಲಬೇಕು? ಎಫ್5.6ಕ್ಕೆ ಹೋದರೆ ಇದರ ಎರಡರಷ್ಟು ಸಿಗುತ್ತದೆ.

ತಂತಿ ಬೇಲಿಯ ಆಚೆಯಿಂದ ತೆಗೆಯುವಾಗ ಲೆನ್ಸ್ ಹುಡ್ ಬೇಲಿಗೆ ತಾಗುವಷ್ಟು ಹತ್ತಿರ ಹೋಗಿ, 200 ಮಿ.ಮೀ. ಅಥವಾ ಹೆಚ್ಚಿನ ಫೋಕಲ್ ಲೆಂತ್, ಲೆನ್ಸ್ ಕೊಡುವ ಅತಿ ದೊಡ್ಡ ಅಪರ್ಚರ್. ತಂತಿ ಕರಗಿಹೋಗುತ್ತದೆ. ಆದರೂ ಚಿತ್ರದ ಮೇಲೆ ಬೂದು ಪೊರೆ ಉಳಿದರೆ ತಂತಿಯ ಮೇಲೆ ನೇರ ಬಿಸಿಲು ಬೀಳುತ್ತಿದೆ ಎಂದರ್ಥ. ಬೇಲಿಯ ನೆರಳು ಬಿದ್ದ ಭಾಗಕ್ಕೆ ಸರಿಯಿರಿ. ಫೋಕಸ್ ಲಿಮಿಟರ್ ಇಲ್ಲಿ ನಿಜವಾಗಿಯೂ ಬೇಕು, ಇಲ್ಲದಿದ್ದರೆ ಲೆನ್ಸ್ ತಂತಿಗೇ ಮರಳಿ ಮರಳಿ ಹೋಗುತ್ತದೆ. ಮಾರ್ಷಲ್ ತೋರಿಸಿದ ಗೆರೆಯಾಚೆ ಯಾವ ಫೋಟೊಗೂ ಹೋಗಬೇಡಿ. ಕಾಲೇಜು ಅಂಗಳದಲ್ಲೂ ಕಾರು ಹಿಡಿತ ತಪ್ಪಿದರೆ ನೇರ ಬರುವ ದಾರಿಯಲ್ಲಿ, ಅಂದರೆ ತಿರುವಿನ ಹೊರಬದಿಯಲ್ಲಿ ನಿಲ್ಲುವಂತಿಲ್ಲ.

ಝಳ ಮತ್ತು ಹಬೆ

ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಲ್ಲಿ ಹನ್ನೊಂದು ಗಂಟೆಯ ಮೇಲೆ ಉದ್ದದ ನೇರಹಾದಿಯ ತುದಿಯಿಂದ ಬರುವ ಕಾರನ್ನು 400 ಮಿ.ಮೀ.ನಲ್ಲಿ ತೆಗೆದರೆ ಡಾಂಬರಿನಿಂದೇಳುವ ಝಳ ಕಾರಿನ ಅಂಚುಗಳನ್ನು ಕಲಕುತ್ತದೆ. ಇದಕ್ಕೆ ಸೆಟ್ಟಿಂಗ್‌ನಲ್ಲಿ ಪರಿಹಾರವಿಲ್ಲ. ಬರ್ಸ್ಟ್‌ನ ಒಂದು ಫ್ರೇಮ್ ಚೂಪು, ಮರುಫ್ರೇಮ್ ಮಸುಕು, ಮತ್ತೊಂದು ಚೂಪು ಹೀಗೆ ಬಂದರೆ ಆಟೊಫೋಕಸನ್ನು ದೂರಬೇಡಿ. ಹತ್ತಿರದ ತಿರುವಿಗೆ ಹೋಗಿ, ಎತ್ತರದಲ್ಲಿ ನಿಲ್ಲಿ, ಇಲ್ಲವೇ ಬೆಳಗಿನ ಅಭ್ಯಾಸದ ಓಟಗಳಿಗೆ ಬನ್ನಿ.

ಎಸಿ ಕೋಣೆಯಿಂದ ಕರಾವಳಿಯ ಸೆಖೆಗೆ ಕ್ಯಾಮೆರಾ ತಂದರೆ ಗಾಜಿನ ಮೇಲೆ ಹಬೆ ಕೂರುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಜಿಪ್ ಹಾಕಿದ ಬ್ಯಾಗಿನಲ್ಲೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆಗೆಯಿರಿ.

ಹೂವಿನ ದೋಷಗಳು

ಟಬೂಬಿಯಾ ಹೂಬಿಡುವಾಗ ಮರದಲ್ಲಿ ಎಲೆ ಬಹುತೇಕ ಇರುವುದಿಲ್ಲ. ಗೊಂಚಲುಗಳ ನಡುವೆ ಖಾಲಿ ಆಕಾಶ, ಹಿಂದೆ ಕಟ್ಟಡದ ಕಲ್ಲುಗೋಡೆ. ಆಟೊಫೋಕಸ್ ಹೂವಿನ ಮೆತ್ತನೆಯ ಅಂಚು ಬಿಟ್ಟು ಕಿಟಕಿಯ ಚೌಕಟ್ಟಿಗೆ ಹೋಗುತ್ತದೆ. ಒಂದೇ ಚಿಕ್ಕ ಪಾಯಿಂಟ್ ಆಯ್ದು, ಹೂವು ತೊಟ್ಟಿಗೆ ಸೇರುವ ಕಡುಬಣ್ಣದ ಜಾಗದ ಮೇಲೆ ಇಡಿ. 200 ಮಿ.ಮೀ.ನಲ್ಲಿ ಮೂರು ಮೀಟರ್ ದೂರದ ಗೊಂಚಲಿಗೆ ಎಫ್2.8ರಲ್ಲಿ ಸಿಗುವ ಆಳ 4 ಸೆಂ.ಮೀ. ಗೊಂಚಲು ಅದಕ್ಕಿಂತ ದಪ್ಪ. ಎಫ್8ಕ್ಕೆ ಹೋಗಿ, 10 ಸೆಂ.ಮೀ. ಮೀರಿ ಸಿಗುತ್ತದೆ.

ಹೂವು ಗೆರೆಯಾಗಿದ್ದು ಕಾಂಡ ಚೂಪಾಗಿದ್ದರೆ ಗಾಳಿ. ಟ್ರೈಪಾಡ್ ಇದ್ದರೂ ಪ್ರಯೋಜನವಿಲ್ಲ, 1/500 ಬೇಕು, ಅದಕ್ಕೆ ಐಎಸ್‌ಒ 800 ಆದರೂ ಆಗಲಿ. ಕೊಂಬೆ ತೂಗಿ ಒಂದು ಕಡೆಯ ತುದಿ ಮುಟ್ಟಿ ಹಿಂತಿರುಗುವ ಗಳಿಗೆಯಲ್ಲಿ ಅದು ನಿಂತಂತಿರುತ್ತದೆ, ಆಗ ಒತ್ತಿ.

ಬಣ್ಣದ ದೂರು ಬೇರೆ ಬಗೆಯದು. ಹಳದಿ ಟಬೂಬಿಯಾ ಬಿಸಿಲಿನಲ್ಲಿ ಬಣ್ಣದ ಒಂದು ಮುದ್ದೆಯಾಗಿ, ದಳದ ಸುಕ್ಕೂ ನರವೂ ಕಾಣದಂತಾಗುವುದು ಫೋಕಸ್ ತಪ್ಪೆಂದು ಅನೇಕರು ತಿಳಿಯುತ್ತಾರೆ. ಆಗಿರುವುದು ಕೆಂಪು ಚಾನೆಲ್ ತುಂಬಿ ಹರಿದದ್ದು. ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಬಿಳಿಯ ಒಂದೇ ಹಿಸ್ಟೋಗ್ರಾಮ್‌ನಲ್ಲಿ ಇದು ಕಾಣದೇ ಹೋಗಬಹುದು, ಮೂರು ಬಣ್ಣದ ಹಿಸ್ಟೋಗ್ರಾಮ್ ತೆರೆದು ನೋಡಿ. ಬೆಳಕು ನಿಮ್ಮ ಬೆನ್ನ ಹಿಂದಿದ್ದರೆ ಮೈನಸ್ 2/3 ಕಾಂಪನ್ಸೇಷನ್‌ನಿಂದ ಶುರು ಮಾಡಿ. ಅದೇ ಹೂವನ್ನು ಕೆಳಗಿನಿಂದ ಬೆಳ್ಳನೆಯ ಆಕಾಶಕ್ಕೆ ಎದುರಾಗಿ ನೋಡುವಾಗ ಉಲ್ಟಾ: ಪ್ಲಸ್ 1 ಕೊಡದಿದ್ದರೆ ಗೊಂಚಲು ಕಪ್ಪಿಡುತ್ತದೆ.

ಜಕರಂಡಾ ನೇರಳೆ ಬದಲು ನೀಲಿಯಾಗಿ ಬಂದರೆ ಆಟೊ ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್) ಬಿಟ್ಟು ಡೇಲೈಟ್‌ಗೆ ಹೋಗಿ, ರಾ ಫೈಲ್‌ನಲ್ಲಿ ತೆಗೆದು ಆಮೇಲೆ ಸ್ವಲ್ಪ ಮೆಜೆಂಟಾ ಕಡೆಗೆ ಸರಿಸಿ. ದಟ್ಟ ಮರಗಳ ಕೆಳಗೆ ಕೂತ ಸ್ನೇಹಿತರ ಮುಖ ಹಸಿರಾಗುವುದಕ್ಕೆ ಕಾರಣ ಎಲೆ ಸೋಸಿ ಬಂದ ಬೆಳಕು. ಅಲ್ಲೇ ಒಂದು ಗ್ರೇ ಕಾರ್ಡ್ ಹಿಡಿದು ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡುವುದೇ ಸರಿಯಾದ ದಾರಿ. ಬೋಳು ಕೊಂಬೆಗಳ ಅಂಚಿಗೆ ನೇರಳೆ ಗೆರೆ ಮೂಡಿದರೆ ಲೆನ್ಸನ್ನು ಎಫ್1.8ರಿಂದ ಎಫ್5.6ಕ್ಕೆ ತನ್ನಿ.

ಬೇಗ ನೋಡಿ ಮುಗಿಸಬಹುದಾದವು

ಕಾರಿನ ಚಕ್ರ ಮೊಟ್ಟೆಯಾಕಾರ, ಕಂಬಗಳು ಓರೆ: ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲುಸಾಲಾಗಿ ಓದುವುದರಿಂದ ಹೀಗಾಗುತ್ತದೆ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ. ಗ್ಯಾರೇಜಿನ ಎಲ್‌ಇಡಿ ದೀಪದಡಿ ಅಡ್ಡಪಟ್ಟಿಗಳು ಬಂದರೂ ಇದೇ ಮದ್ದು, ಜೊತೆಗೆ 1/100 ಅಥವಾ 1/50.

ಬರ್ಸ್ಟ್ ನಡುವೆ ಕ್ಯಾಮೆರಾ ನಿಂತುಹೋದರೆ ಬಫರ್ (ಕಾರ್ಡ್‌ಗೆ ಬರೆಯುವವರೆಗೆ ಫೋಟೊ ಇಟ್ಟುಕೊಳ್ಳುವ ಮೆಮೊರಿ) ತುಂಬಿದೆ. 25 ಎಂಬಿ ಫೈಲ್‌ಗಳು ಸೆಕೆಂಡಿಗೆ ಹತ್ತರಂತೆ ಬಂದರೆ 250 ಎಂಬಿ. ವಿ30 ಗುರುತಿನ ಕಾರ್ಡ್ ಖಾತ್ರಿ ಕೊಡುವುದು ಸೆಕೆಂಡಿಗೆ 30 ಎಂಬಿ ಮಾತ್ರ. ಮೂರು-ನಾಲ್ಕು ಫ್ರೇಮ್‌ಗಳ ಚಿಕ್ಕ ಬರ್ಸ್ಟ್ ತೆಗೆಯಿರಿ.

ಕೊನೆಗೆ ಲೆನ್ಸ್

ಮೇಲಿನ ಯಾವುದೂ ಅಲ್ಲ ಎಂದಾದ ಮೇಲೆ ಮಾತ್ರ ಇದು. ಯುವಿ ಫಿಲ್ಟರ್ ಬಿಚ್ಚಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಇಡಿ, ಸ್ಟೆಬಿಲೈಸರ್ ಆಫ್, ಎರಡು ಸೆಕೆಂಡ್ ಟೈಮರ್. ಫೋಕಲ್ ಲೆಂತ್‌ನ 50 ಪಟ್ಟು ದೂರದಲ್ಲಿ, ಅಂದರೆ 200 ಮಿ.ಮೀ.ಗೆ 10 ಮೀಟರ್ ಆಚೆ, ದಿನಪತ್ರಿಕೆಯೊಂದನ್ನು ಗೋಡೆಗೆ ಅಂಟಿಸಿ. ಅತಿ ದೊಡ್ಡ ಅಪರ್ಚರ್‌ನಲ್ಲಿ ವ್ಯೂಫೈಂಡರ್ ಮೂಲಕ ಐದು, ಲೈವ್ ವ್ಯೂನಲ್ಲಿ (ಹಿಂಬದಿಯ ಪರದೆ ನೋಡುತ್ತಾ) ಐದು ತೆಗೆಯಿರಿ. ಪ್ರತಿ ಸಲವೂ ಮೊದಲು ಫೋಕಸನ್ನು ಬೇಕೆಂದೇ ಕೆಡಿಸಿ ಮತ್ತೆ ಹಿಡಿಸಿ. ಲೈವ್ ವ್ಯೂನವು ಚೂಪು, ವ್ಯೂಫೈಂಡರ್‌ನವು ಎಲ್ಲವೂ ಒಂದೇ ರೀತಿ ಮಸುಕು ಎಂದರೆ ಡಿಎಸ್‌ಎಲ್‌ಆರ್‌ನ ಫೋಕಸ್ ಹೊಂದಾಣಿಕೆ ತಪ್ಪಿದೆ. ಮೆನುವಿನಲ್ಲಿ ಎಎಫ್ ಮೈಕ್ರೊ ಅಡ್ಜಸ್ಟ್‌ಮೆಂಟ್ ಅಥವಾ ಫೈನ್ ಟ್ಯೂನ್ ಇದ್ದರೆ ಮೈನಸ್ 20ರಿಂದ ಪ್ಲಸ್ 20ರವರೆಗೆ ನೀವೇ ಸರಿಪಡಿಸಬಹುದು. ಮಿರರ್‌ಲೆಸ್‌ನಲ್ಲಿ ಫೋಕಸ್ ಅಳೆಯುವುದೇ ಸೆನ್ಸರ್ ಮೇಲೆ, ಈ ಪರೀಕ್ಷೆ ಬೇಡ.

ಚಿತ್ರದ ಒಂದು ಬದಿ ಮಾತ್ರ ಯಾವಾಗಲೂ ಮೆದುವಾಗಿದ್ದರೆ ಅದೇ ಗೋಡೆಯನ್ನು ಕ್ಯಾಮೆರಾ ತಲೆಕೆಳಗು ಮಾಡಿ ಇನ್ನೊಮ್ಮೆ ತೆಗೆಯಿರಿ. ಮಸುಕು ಗೋಡೆಯ ಅದೇ ಬದಿಯಲ್ಲಿ ಉಳಿದರೆ ಕ್ಯಾಮೆರಾ ಗೋಡೆಗೆ ಸಮನಾಗಿಲ್ಲ. ಗೋಡೆಯ ಇನ್ನೊಂದು ಬದಿಗೆ ಹೋದರೆ ಲೆನ್ಸಿನೊಳಗಿನ ಗಾಜು ಜರುಗಿದೆ, ಕೆಳಗೆ ಬಿದ್ದ ಲೆನ್ಸ್‌ಗಳಲ್ಲಿ ಇದು ಸಾಮಾನ್ಯ. ಇದನ್ನು ಮನೆಯಲ್ಲಿ ಬಿಚ್ಚಬೇಡಿ. ಸರ್ವಿಸ್ ಸೆಂಟರ್‌ಗೆ ಲೆನ್ಸ್ ಜೊತೆ ಕ್ಯಾಮೆರಾ ಬಾಡಿಯನ್ನೂ, ಈ ಗೋಡೆಯ ಎರಡು ಫೈಲ್‌ಗಳನ್ನು ತಿದ್ದದೆ ಹಾಗೆಯೇ ಪೆನ್ ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ, ಯಾವ ಫೋಕಲ್ ಲೆಂತ್, ಯಾವ ಅಪರ್ಚರ್, ಯಾವ ಬದಿ ಎಂದು ಜಾಬ್ ಶೀಟಿನಲ್ಲಿ ಬರೆಸಿ.